ಅಪ್ಪ ಸಹಿ ಹಾಕಿದ ಬಾಡಿಗೆ ಚೀಟಿಗಳು

ಗಂಡನ ಮನೆ ಬಿಟ್ಟು ರಬಕವಿಗೆ ಬಂದಾಗ ಅಪ್ಪ ಯಾಕೆಂದು ಒಂದು ಮಾತೂ ಕೇಳಲಿಲ್ಲ. ಪಡಸಾಲೆಯಲ್ಲಿ ತನ್ನ ಕುಣಿಮಗ್ಗದ ಪಕ್ಕದಲ್ಲಿದ್ದ ನೂಲಿನ ಗಂಟುಗಳನ್ನೆಲ್ಲ ಅಟ್ಟಕ್ಕೇರಿಸಿ ನನ್ನ ಮೇಜಿಗೆ ಜಾಗ ಮಾಡಿಕೊಟ್ಟ. ಅಲ್ಲಿ ಕೂತು ನಾನು ಒಂದು ವಿಮಾ ಕಂಪನಿಗಾಗಿ ಆಸ್ಪತ್ರೆ ಬಿಲ್ಲುಗಳನ್ನು ತಪಾಸಣೆ ಮಾಡುತ್ತಿದ್ದೆ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಐವತ್ತು ವರ್ಷ ಮನೆಯಲ್ಲೇ ಕೂತು ದುಡಿದ ಮನುಷ್ಯ. ಅದಕ್ಕೆ ವರ್ಕ್ ಫ್ರಮ್ ಹೋಮ್ ಎಂಬ ಇಂಗ್ಲಿಷ್ ಹೆಸರಿದೆ ಎಂದು ನಾನು ಬಂದ ಮೇಲೆಯೇ ಅವನಿಗೆ ಗೊತ್ತಾದದ್ದು.

ಮಗ್ಗದ ಸದ್ದಿನ ಬಗ್ಗೆ ನಾನು ಬಾಯಿಬಿಟ್ಟು ಏನೂ ಅಂದವಳಲ್ಲ. ಮೀಟಿಂಗು ಶುರುವಾದಾಗ ಅವನ ಕಡೆ ಒಮ್ಮೆ ನೋಡುತ್ತಿದ್ದೆ, ಅಷ್ಟೆ. ಲಾಳಿ ನಿಲ್ಲುತ್ತಿತ್ತು. ಆ ನೋಟ ನೆನೆದರೆ ನನಗೆ ನನ್ನ ಮೇಲೇ ಹೇಸಿಕೆಯಾಗುತ್ತದೆ.

ಆ ವರ್ಷ ಸಂಬಳದಲ್ಲಿ ತೆರಿಗೆ ಹಿಡಿಯತೊಡಗಿದರು. ಮೇಜು, ಕುರ್ಚಿ, ಇನ್ವರ್ಟರು, ಇಂಟರ್ನೆಟ್ಟು ಎಲ್ಲಕ್ಕೂ ನಾನೇ ಕೈಯಿಂದ ದುಡ್ಡು ಹಾಕಿದ್ದೆ. ಅದನ್ನಾದರೂ ಆದಾಯದಲ್ಲಿ ಕಳೆಯಬಹುದೇ ಎಂದು ಕೇಳಲು ಜಮಖಂಡಿಯ ತೆರಿಗೆ ಸಲಹೆಗಾರನ ಬಳಿ ಹೋದೆ.

"ಸಂಬಳದವ್ರಿಗೆ ಅದೆಲ್ಲಾ ನಡ್ಯಾಂಗಿಲ್ರಿ ಅಕ್ಕಾರ. ಸ್ವಂತ ಧಂದೆ ಇದ್ದವ್ರಿಗಷ್ಟ," ಅಂದ. ಆಮೇಲೆ ದನಿ ತಗ್ಗಿಸಿದ. "ನಿಮ್ಮ ಪಗಾರದಾಗ ಮನಿಬಾಡಿಗಿ ಭತ್ತೆ ಐತಿ. ಮನಿ ಅಪ್ಪಾರ ಹೆಸರಿಲೆ ಐತಲ್ಲ? ಅವ್ರಿಗೆ ಬಾಡಿಗಿ ಕೊಡಾಕತ್ತೇನಿ ಅಂತ ಚೀಟಿ ಮಾಡಸ್ರಿ, ತೆರಿಗಿ ಉಳಿತೈತಿ. ಎಲ್ಲಾರೂ ಮಾಡ್ತಾರ."

ಎಲ್ಲರೂ ಮಾಡುತ್ತಾರೆ ಎಂಬ ಮಾತಿಗೆ ನಾನು ಬೇಗ ಬೀಳುವವಳು. ಪಡಸಾಲೆಯ ಬಾಡಿಗೆ ಎಂದು ತಿಂಗಳಿಗೊಂದರಂತೆ ಹನ್ನೆರಡು ಚೀಟಿ ಬರೆದು ಅಪ್ಪನ ಮುಂದಿಟ್ಟೆ. ಮಗಳನ್ನು ಕೊಟ್ಟ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುತ್ತಿದ್ದವನು ಅವನು. ಒಂದು ಚೀಟಿಯನ್ನು ಎರಡು ಸಲ ಓದಿದ.

"ತವರಿಗೆ ಬಂದ ಮಗಳ ಕಡಿಂದ ಬಾಡಿಗಿ ತಗೊಂಡೇನಿ ಅಂತ ಬರಕೊಡ್ಲೇನ ಯವ್ವಾ?"

"ಕಾಗದದ ಮ್ಯಾಲ ಅಷ್ಟ ಅಪ್ಪಾ. ಖರೇನ ಎಲ್ಲಿ ತಗೊಳ್ಳಾಕತ್ತಿ ನೀ?"

"ತಗೊಳ್ಳದ ತಗೊಂಡೇನಿ ಅಂತ ಸಹಿ ಮಾಡ್ಲಿ?"

ಸೀರೆ ನೇಯಿಸಿಕೊಳ್ಳುವ ಮಾಲಕರ ಕಡೆಯಿಂದ ನೂಲು ತರುವಾಗ, ತೂಕ ತಾನೇ ನೋಡದೆ ಒಂದು ದಿನವೂ ಅವರ ಪುಸ್ತಕದಲ್ಲಿ ಸಹಿ ಹಾಕಿದವನಲ್ಲ. ಅದು ಗೊತ್ತಿದ್ದೂ ನಾನು ಸಿಟ್ಟಾದೆ. "ನನಗ ನಾಕ ರೂಪಾಯಿ ಉಳದ್ರ ನಿನಗೇನ ತ್ರಾಸ?" ಅಂದುಬಿಟ್ಟೆ. ಅಪ್ಪ ಹನ್ನೆರಡಕ್ಕೂ ಸಹಿ ಹಾಕಿದ. ನಾನು ಫೋಟೊ ತೆಗೆದು ಕಂಪನಿಗೆ ಕಳಿಸಿದೆ.

ಮುಂದಿನ ವಾರ ಮುಧೋಳದಲ್ಲಿ ಒಂದು ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಪಡಸಾಲೆಯಲ್ಲಿ ಮಗ್ಗವಿರಲಿಲ್ಲ. ಬಿಚ್ಚಿ ಯಾರಿಗೋ ಕೊಟ್ಟುಬಿಟ್ಟಿದ್ದ. ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಕಿಸಿದ್ದ.

"ರೊಕ್ಕ ತಗೊಂಡೇನಿ ಅನ್ನೂದಂತೂ ಸುಳ್ಳಾತು," ಅಂದ ಅಪ್ಪ. "ಪಡಸಾಲಿ ಬಿಟ್ಟಕೊಟ್ಟೇನಿ ಅನ್ನೂದಾದ್ರೂ ಖರೆ ಆಗ್ಲಿ."

ಅಲ್ಲಿಂದ ಮುಂದೆ ಅವನು ಹಗಲೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನೀರು ಬೇಕಾದರೆ ಬಾಗಿಲಲ್ಲಿ ನಿಂತು ಕೆಮ್ಮಿ, ನಾನು ತಲೆಯೆತ್ತಿದ ಮೇಲೆ ಗೋಡೆಗುಂಟ ಒಳಗೆ ಹೋಗುತ್ತಿದ್ದ. ತಾನು ಕಟ್ಟಿಸಿದ ಮನೆಯೊಳಗೆ.

ರಿಟರ್ನು ತುಂಬುವ ಹೊತ್ತಿಗೆ ಮತ್ತೆ ಜಮಖಂಡಿಗೆ ಹೋದೆ. ಸಲಹೆಗಾರ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ನೋಡಿದ.

"ಕಂಪನಿಯವ್ರು ಹಳೇ ತೆರಿಗಿ ಪದ್ಧತಿಲೆ ಹಿಡದಾರ. ನಿಮಗ ಹೊಸ ಪದ್ಧತಿನ ಛಲೋ ಅಕ್ಕಾರ. ಅದರಾಗ ತೆರಿಗೀನ ಬರಂಗಿಲ್ಲ, ಹಿಡದದ್ದು ವಾಪಸ್ ಬರ್ತೈತಿ. ಬಾಡಿಗಿ ಚೀಟಿ ಬೇಕಾಗಂಗಿಲ್ಲ."

"ಇದನ್ನ ಆವಾಗ ಹೇಳಬೇಕಿಲ್ಲೇನ್ರಿ?"

"ಆವಾಗ ಲೆಕ್ಕಾ ಹಾಕಿದ್ದಿಲ್ರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಪಾಳಕ್ಕೊಂದು ಬಿಗಿಯಬೇಕೆನ್ನಿಸಿತು. ಯಾರ ಕಪಾಳಕ್ಕೆ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬೈಯಲಿ, ಮಗ್ಗದ ಮಾತೆತ್ತಲಿ ಎಂದು ಕಾದೆ. ಅವನ ಮುಖ ಎಷ್ಟೋ ತಿಂಗಳ ಮೇಲೆ ಗೆಲುವಾಯಿತು.

"ಹಂಗಾದ್ರ ನಾ ಮಗಳ ಬಾಡಿಗಿ ತಿಂದಾಂವ ಅಲ್ಲ ಅಂತಾತು. ತಾ ಇಲ್ಲಿ ಆ ಚೀಟಿ."

ಹನ್ನೆರಡನ್ನೂ ಒಂದೊಂದಾಗಿ ಹರಿದು ಬಚ್ಚಲ ಒಲೆಗೆ ಹಾಕಿದ.

"ಮತ್ತೆಲ್ಲೂ ಇಲ್ಲಲ್ಲ ಯವ್ವಾ?"

"ಎಲ್ಲೂ ಇಲ್ಲಪಾ," ಅಂದೆ.

ಕಂಪನಿಗೆ ಕಳಿಸಿದ ಫೋಟೊಗಳಲ್ಲಿ ಅವನು ಇವತ್ತಿಗೂ ನನ್ನ ಬಾಡಿಗೆ ತಿನ್ನುವ ಮನೆಮಾಲಕ. ಹನ್ನೆರಡು ಕಡೆ ಅವನದೇ ಸಹಿ ಇದೆ.