ದಾಳ ಎತ್ತುವ ಮೊದಲು

ಪೋರ್ಟ್ ಸೈದಿನ ಕ್ಷೌರಿಕ ಬಯ್ಯೂಮಿಯ ಆತುರ ಇಡೀ ಬೀದಿಗೆ ಗೊತ್ತು. ಗಿರಾಕಿ ಕುರ್ಚಿಯಲ್ಲಿ ಕೂತು, ಹೇಗೆ ಕತ್ತರಿಸಬೇಕೆಂದು ಬಾಯಿ ಬಿಡುವಷ್ಟರಲ್ಲಿ ಅರ್ಧ ತಲೆ ಮುಗಿದಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆಸಾಮಿ. ಕಸುಬಿಗೆ ಅದರಿಂದ ಅಂಥ ಕೇಡೇನೂ ಆಗಲಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ. ಕೆಟ್ಟದ್ದು ಮಿತ್ವಲ್ಲಿಯ ವಿಷಯದಲ್ಲಿ.

ಮಿತ್ವಲ್ಲಿ ಬಲೆ ಹೆಣೆಯುವವನು, ಬಾಲ್ಯದ ಗೆಳೆಯ, ಮಹಾ ನಿಧಾನಸ್ಥ. ಬಯ್ಯೂಮಿಯ ತಾಯಿ ತೀರಿಕೊಂಡಾಗ, ಮನೆ ಬಿಟ್ಟು ದಮಿಯೆತ್ತಾ ಊರು ಸೇರಿದ್ದ ಅಣ್ಣ ಮಣ್ಣಿಗೆ ಬರಲಿಲ್ಲ, ಮಿತ್ವಲ್ಲಿಯೂ ಬರಲಿಲ್ಲ. ಮೂರನೆಯ ದಿನ ಅಂಗಡಿಗೆ ಬಂದು, "ಅವತ್ತು ನಾನು..." ಎಂದು ಶುರು ಮಾಡಿದ್ದಷ್ಟೇ, ಬಯ್ಯೂಮಿ ಬಾಗಿಲು ತೋರಿಸಿಬಿಟ್ಟ. ಅದಾಗಿ ಹದಿನಾಲ್ಕು ವರ್ಷ. ಸಿಟ್ಟು ಎಂದೋ ಇಳಿದಿತ್ತು. ಅವನು ಏನು ಹೇಳಲು ಬಂದಿದ್ದ ಎಂಬುದು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿದಿತ್ತು. ಕೇಳೋಣವೆಂದರೆ ಮುಖವಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ?

ಆ ವರ್ಷ ಬಂದರಿನ ಚಹಾದಂಗಡಿಯಲ್ಲಿ ತಾವ್ಲಾ ಎಂಬ ಪಗಡೆಯಂಥ ಆಟದ ಪಂದ್ಯ ನಡೆಯಿತು. ಇಬ್ಬರೂ ಒಂದೇ ಜೋಡಿ ದಾಳ ಕಿತ್ತಾಡಿಕೊಂಡು ಆಡುವುದು ಅಲ್ಲಿನ ರೂಢಿ. ಈ ಸಲ ನಿವೃತ್ತ ಮೇಷ್ಟ್ರು ಫಿಕ್ರಿ ಅಚ್ಚಾದ ನಿಯಮ ತಂದು, ಒಬ್ಬೊಬ್ಬರಿಗೂ ಬೇರೆ ಬೇರೆ ಜೋಡಿ ಕೊಟ್ಟಿದ್ದರು. ಚೀಟಿ ಎತ್ತಿದಾಗ ಬಯ್ಯೂಮಿಗೆ ಎದುರಾಗಿ ಬಂದ ಹೆಸರು ಮಿತ್ವಲ್ಲಿ.

ಒಂದು ಗಂಟೆ ಇಬ್ಬರೂ ತುಟಿ ಪಿಟಕ್ಕೆನ್ನದೆ ಆಡಿದರು. ಹಲಗೆಯ ಮೇಲೆ ಮಿತ್ವಲ್ಲಿಯ ಮನೆಯಲ್ಲಿ ಸಿಕ್ಕಿಬಿದ್ದ ಎರಡು ಕಾಯಿ ಬಿಡಿಸಲು ಬಯ್ಯೂಮಿಗೆ ಆರೇ ಬೇಕಿತ್ತು. ಮಿತ್ವಲ್ಲಿ ತನ್ನ ದಾಳ ಉರುಳಿಸಿ, ಒಂದು ಕಾಯಿ ನಡೆಸಿ, ಇನ್ನೊಂದರ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದ. ತಡೆಯಲಾರದೆ ಬಯ್ಯೂಮಿ ದಾಳ ಉರುಳಿಸಿಯೇಬಿಟ್ಟ. ಎರಡಕ್ಕೆರಡೂ ಆರು.

"ಕೈ ತೆಗೀರಿ ಉಸ್ತಾದ್," ಎಂದರು ಫಿಕ್ರಿ. "ಅವರು ತಮ್ಮ ದಾಳ ಎತ್ತಿಕೊಳ್ಳೋವರೆಗೂ ಅವರದೇ ಸರದಿ. ನಿಮ್ಮ ಆರು ಹಾಗೇ ಇರ್ಲಿ. ಅದನ್ನ ನೋಡ್ಕೊಂಡೇ ಅವರು ನಡೆ ಮುಗಿಸಬಹುದು."

"ಬಯ್ಯೂಮಿ ಮದುವೇಲೂ ಹಿಂಗೇ, ಮೌಲವಿ ಕೇಳೋಕೆ ಮುಂಚೆನೇ ಒಪ್ಪಿದೆ ಅಂದಿದ್ದ," ಎಂದು ಯಾರೋ ಹಿಂದಿನಿಂದ ಛೇಡಿಸಿದರು.

ಮಿತ್ವಲ್ಲಿ ಕಾಯಿ ಎತ್ತಲಿಲ್ಲ. "ಮೇಷ್ಟ್ರೇ, ನಾನು ಮುಗಿಸೋವರೆಗೂ ಇವನು ಸುಮ್ನೆ ಕೂತಿರ್ಬೇಕು, ಅಲ್ವಾ?"

"ಕೂತಿರ್ಬೇಕು."

ಮಿತ್ವಲ್ಲಿ ಹಲಗೆಯ ಮೇಲೆ ಬಗ್ಗಿದ. ದನಿ ಎದುರಿದ್ದವನಿಗಷ್ಟೇ ಕೇಳುವಂತಿತ್ತು. "ನಿಮ್ಮಮ್ಮ ನನ್ನನ್ನ ದಮಿಯೆತ್ತಾಕ್ಕೆ ಕಳಿಸಿದ್ರು. ನಿಮ್ಮಣ್ಣನ ಮುಖ ಒಂದ್ಸಲ ನೋಡ್ಬೇಕು, ಕರ್ಕೊಂಡು ಬಾ ಅಂದ್ರು. ಬಯ್ಯೂಮಿಗೆ ಹೇಳ್ಬೇಡ, ಅಣ್ಣನ ಹತ್ರ ಜಗಳಕ್ಕೆ ಓಡ್ತಾನೆ ಅಂದ್ರು. ಎರಡು ದಿನ ಬಾಗಿಲು ತಟ್ಟಿದೆ. ನಿಮ್ಮಣ್ಣ ಕಿಟಕಿಯಿಂದ ನೋಡ್ದ, ತೆಗೀಲಿಲ್ಲ. ನಾನು ವಾಪಸ್ ಬರೋಷ್ಟರಲ್ಲಿ ಮಣ್ಣಾಗಿತ್ತು."

ಅಣ್ಣನಿಗೆ ಸುದ್ದಿಯೇ ತಲುಪಿರಲಿಲ್ಲವೆಂದು ಬಯ್ಯೂಮಿ ಇಷ್ಟು ಕಾಲ ನಂಬಿದ್ದ. ಕೈಗಳು ತೊಡೆಯ ಮೇಲೇ ಇದ್ದವು.

ಮಿತ್ವಲ್ಲಿ ಕಾಯಿ ನಡೆಸಿ ಆರರ ದಾರಿ ಮುಚ್ಚಿದ, ತನ್ನ ದಾಳ ಎತ್ತಿಕೊಂಡ.

"ಈಗ ನಿಮ್ಮ ಸರದಿ," ಎಂದರು ಫಿಕ್ರಿ.

ಬಯ್ಯೂಮಿ ಹಲಗೆಯತ್ತ ನೋಡಲೇ ಇಲ್ಲ. "ಇಷ್ಟು ವರ್ಷ ಇದನ್ನ ಯಾರಿಗೂ ಹೇಳ್ಲಿಲ್ವೇನೋ?"

"ನಿನಗೇ ಹೇಳೋಕಾಗ್ಲಿಲ್ಲ. ಇನ್ಯಾರಿಗೆ ಹೇಳ್ಲಿ?"

ಬಯ್ಯೂಮಿಯ ಕಣ್ಣು ತುಂಬಿತು. ತಪ್ಪಾಯಿತು ಎನ್ನಲು ಬಾಯಿ ತೆರೆದ. ಮಿತ್ವಲ್ಲಿ ಇನ್ನೂ ಏನೋ ಹೇಳಲು ತುಟಿ ಅಲುಗಿಸುತ್ತಿರುವುದು ಕಂಡು, ಈ ಸಲ ಬಾಯಿ ಮುಚ್ಚಿಕೊಂಡು ಕಾದ.