ಮೂರು ಪೆಟ್ಟು ಕೇಳಿ ಓಡಿಬಂದವನು

ಬಾರ್ಟ್ಲಿ ಟೂಹಿ ಐರ್ಲೆಂಡಿನ ಕ್ಲೇರ್ ಸೀಮೆಯಿಂದ ಅಮೆರಿಕದ ಬಫಲೋ ಪಟ್ಟಣಕ್ಕೆ ಬಂದಾಗ ಅವನಿಗಿದ್ದ ಆಸ್ತಿ ಎರಡು ರಟ್ಟೆ, ಒಂದು ಜೊತೆ ಬೂಟು. ಹಡಗಿನ ಒಡಲಿಗೆ ಇಳಿದು ಗೋಧಿ ಗೋರುವ ಕೆಲಸಕ್ಕೆ ನಿಂತ. ಗೋಧಿ ಕುಸಿದು ಹೂತುಹೋಗಿದ್ದ ಇಬ್ಬರನ್ನು ಬರಿಗೈಯಲ್ಲಿ ತೋಡಿ ತೆಗೆದು ಬದುಕಿಸಿದ. ಅವನ ಮಗ ಮಲಾಕಿ ಮೂವರನ್ನು ತೆಗೆದ. ಮೂರನೆಯವನು ಅವನ ಒಡಹುಟ್ಟಿದ ತಮ್ಮ ಫಿನ್‌ಬಾರ್. ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ, ಬಾಯಿ ತುಂಬ ಗೋಧಿ. ಮಲಾಕಿಯ ಒಬ್ಬಳೇ ಮಗಳು ನೋರೀನ್. ಅವಳು ಯಾರನ್ನೂ ತೋಡಿ ತೆಗೆಯಲಿಲ್ಲ. ಡ್ರಮ್ ಬಾರಿಸಿದಳು.

ನಾನು ಮಲಾಕಿಯ ಮಗ್ಗುಲಲ್ಲಿ ಇಪ್ಪತ್ತೊಂಬತ್ತು ವರ್ಷ ಗೋರಿದವನು. ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೆ, ಬುದ್ಧಿ ಬಂದದ್ದು ಹಡಗಿನ ಒಡಲಲ್ಲಿ. ಅಲ್ಲಿ ದೂಳು ಎಂದರೆ ಎದುರಿಗಿದ್ದವನ ಮೂಗು ಕಾಣದಷ್ಟು ದೂಳು. ಕೂಗಲು ಬಾಯಿ ತೆರೆದರೆ ಹೊಟ್ಟು ತುಂಬುತ್ತದೆ. ಅದಕ್ಕೇ ಒಂದು ಕಟ್ಟಳೆ ಇತ್ತು: ಗೋಧಿಯ ಕೆಳಗೆ ಆಳು ಸಿಕ್ಕಿಬಿದ್ದರೆ ಸಲಿಕೆಯಿಂದ ಕಬ್ಬಿಣಕ್ಕೆ ಮೂರು ಪೆಟ್ಟು. ಕೇಳಿದವನು ಯಾರು, ಎಲ್ಲಿ, ಏನು ಎನ್ನಬಾರದು, ಕೈಯಲ್ಲಿದ್ದದ್ದು ಬಿಸಾಕಿ ಓಡಬೇಕು. ತಮಾಷೆಗೆ ಮೂರು ಬಾರಿಸಿದವನನ್ನು ಮಾರನೆಯ ದಿನ ನಾವು ಹತ್ತಿರ ಸೇರಿಸುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಬಾಗಿಲು ತಟ್ಟುವವರು ಕೂಡ ಎರಡು ಸಲ ತಟ್ಟುತ್ತಿದ್ದರು, ಇಲ್ಲವೇ ನಾಲ್ಕು.

ನೋರೀನ್ ಮೂವತ್ತು ದಾಟಿದ ಮೇಲೆ ಗೆಳೆಯರೊಂದಿಗೆ ತಂಡ ಕಟ್ಟಿದಳು. ‘ಐಸ್ ಬೂಮ್’ ಎಂದು ಹೆಸರು, ಚಳಿಗಾಲದಲ್ಲಿ ನಮ್ಮ ಸರೋವರದ ಬಾಯಿಗೆ ಮಂಜುಗಡ್ಡೆ ತಡೆಯಲು ಹಾಕುವ ಕಬ್ಬಿಣದ ಬೇಲಿಯದು. ತಾವು ತೊಟ್ಟಿಲಲ್ಲಿದ್ದಾಗ ಮೆರೆದು ಮಲಗಿದ್ದ ಪೋಸ್ಟ್-ಪಂಕ್ ಎಂಬ ದುಗುಡದ ರಾಕ್ ಸಂಗೀತವನ್ನು ತಟ್ಟಿ ಎಬ್ಬಿಸಿದವರು ಅವರು. ಹಾಡುವವನು ಕಾಜ್ ವೊಲಾನ್ಸ್ಕಿ, ಪೋಲಿಷ್ ಕೇರಿಯವನು, ಜೋಳದ ದಂಟಿನಂಥ ಆಳು, ದನಿ ಮಾತ್ರ ಬಾವಿಯೊಳಗಿನದು.

ಯಂತ್ರಗಳು ಬಂದು ನಮ್ಮ ಕೊನೆಯ ಗೋರು ಮುಗಿದ ವರ್ಷವೇ ಅವರು ‘ಗೋಧಿಯ ಕೆಳಗೆ’ ಎಂಬ ಹಾಡು ಹೊರತಂದರು. ಫಿನ್‌ಬಾರನ ಸಾವಿನ ಹಾಡು. ಮಲಾಕಿ ಅಡುಗೆಮನೆಯಲ್ಲಿ ಅರ್ಧ ಕೇಳಿ ಎದ್ದುಬಿಟ್ಟ.

“ಇದೇನ್ ಹಾಡಮ್ಮ? ಹೆಣ ಎತ್ತೋಕ್ ಮುಂಚೆ ಬಾಡಿಗೆಗೆ ಅಳೋರ ತರ ಅಳ್ತಾನಲ್ಲ ಅವನು!”

“ನಿನ್ ಕಿವಿ ತುಂಬ ಹೊಟ್ಟು ಅಪ್ಪಾ, ಮೊದ್ಲು ಗುಗ್ಗೆ ತೆಗೆಸ್ಕೊ,” ಎಂದಳು ಮಗಳು.

ಕೊನೆಯವರೆಗೆ ಕೇಳಿದವನು ನಾನೊಬ್ಬನೇ. ಎಲ್ಲ ವಾದ್ಯ ನಿಂತ ಮೇಲೆ ಡ್ರಮ್ಮಿನ ಮೇಲೆ ಮೆತ್ತಗೆ ಮೂರು ಪೆಟ್ಟು.

“ಆ ಮೂರು ಯಾಕವ್ವ?” ಎಂದೆ.

“ಚಿಕ್ಕಪ್ಪಂಗೆ ಕಣ್ ಮಾಮ. ಅವತ್ತು ತಡವಾಗಿ ಹೊಡೆದ್ರಂತಲ್ಲ. ನಾನಾದ್ರೂ ಸರಿಯಾಗಿ ಹೊಡೀತೀನಿ.”

ಚರ್ಮದ ಮೇಲಿನ ಪೆಟ್ಟು ತಾನೆ, ಕಬ್ಬಿಣದ್ದಲ್ಲವಲ್ಲ ಎಂದು ಸುಮ್ಮನಾದೆ. ಆಗ ಬಾಯಿ ಬಿಡಬೇಕಿತ್ತು.

ಆ ಹಾಡಿಗೆ ವಿಡಿಯೋ ತೆಗೆಯಲು ನ್ಯೂಯಾರ್ಕಿನಿಂದ ಒಬ್ಬ ಹೆಂಗಸು ಬಂದಳು. ನದಿಯ ದಂಡೆಯ ಹಾಳು ಕಣಜದಲ್ಲಿ ಚಿತ್ರೀಕರಣ. ಹತ್ತು ಅಂತಸ್ತಿನಷ್ಟು ಎತ್ತರದ ಕಾಂಕ್ರೀಟಿನ ಕಣಜ. ಕೆಳಗೆ ಗೋಧಿ ಜಾರಿ ಬೀಳುತ್ತಿದ್ದ ಗುಂಡಿ, ಈಗ ತಳದಲ್ಲಿ ಕೊಳೆತ ಹೊಟ್ಟು ಮಾತ್ರ. ನೋರೀನ್ ಅಪ್ಪನನ್ನು ಹೆಮ್ಮೆಯಿಂದ ಕರೆತಂದಿದ್ದಳು. ಎಪ್ಪತ್ತೊಂದರ ಮುದುಕ, ಪುಪ್ಪುಸ ಜರಡಿಯಾಗಿತ್ತು, ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದ. ಹಳೆಯ ಬೂಟಿಗೆ ಎಣ್ಣೆ ಹಚ್ಚಿ ಹಾಕಿಕೊಂಡು, ತನ್ನ ಸಲಿಕೆಯನ್ನೂ ಹಿಡಿದುಕೊಂಡು ಬಂದಿದ್ದ. ನಟ್ಟ ಮಧ್ಯಾಹ್ನ ನಾವಿಬ್ಬರೂ ಒಂದು ಪೆಟ್ಟಿಗೆಯ ಮೇಲೆ ಕೂತು, ಬನ್ನಿನ ನಡುವೆ ಇಟ್ಟ ದನದ ಮಾಂಸ ತಿನ್ನುತ್ತಿದ್ದೆವು.

“ಡ್ರಮ್ ಬೇಡ. ನಿಮ್ಮಪ್ಪನ ಸಲಿಕೆ ತಗೊಂಡು ಆ ಕಬ್ಬಿಣದ ಕಂಬಕ್ಕೆ ಹೊಡಿ. ನೋಡೋಕೆ ಚೆನ್ನಾಗಿರುತ್ತೆ,” ಎಂದಳು ಆ ಹೆಂಗಸು.

ನೋರೀನ್ ಹೊಡೆದಳು. ಒಂದು. ಎರಡು. ಮೂರು.

ಮಲಾಕಿಯ ಕೈಯಿಂದ ಬನ್ನು ಬಿತ್ತು. ಅವನು ಓಡಿದ. ನಾನೂ ಏಳಹೋದೆ, ಮೊಣಕಾಲು ಏಳಲಿಲ್ಲ. ಎರಡು ಮೆಟ್ಟಿಲಿಗೆ ಏದುಸಿರು ಬಿಡುವವನು ಇಪ್ಪತ್ತೈದರ ಆಳಿನ ಹಾಗೆ ಕ್ಯಾಮೆರಾದ ಮುಂದೆಯೇ ಹಾದು, ಗುಂಡಿಯ ಅಂಚು ಹಿಡಿದು ಒಳಗೆ ಧುಮುಕಿದ. ಎರಡಾಳು ಆಳ. ಕೆಳಗಿನಿಂದ ಹೊಟ್ಟು ಕೆದರುವ ಸದ್ದು, “ಫಿನ್! ಫಿನ್! ತಡ್ಕೊಳ್ಳೋ, ಬಂದೆ!” ಎಂಬ ಕೂಗು.

ನೋರೀನ್ ಅಂಚಿನಲ್ಲಿ ಮೊಣಕಾಲೂರಿದಳು. “ಅಪ್ಪಾ! ಯಾರೂ ಇಲ್ಲಪ್ಪಾ! ಬರೀ ಹಾಡು!”

ಕೆದರುವುದು ನಿಂತಿತು.

“ಹಾಡಾ?” ಎಂದ ಮಲಾಕಿ.

ಅದೇ ಅವನ ಕೊನೆಯ ಮಾತು. ಸೊಂಟ ಮುರಿದಿತ್ತು. ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಎಡಭಾಗಕ್ಕೆ ಲಕ್ವ ಹೊಡೆದು ನಾಲಗೆಯೂ ಬಿದ್ದುಹೋಯಿತು.

ಕ್ಯಾಮೆರಾ ಓಡುತ್ತಲೇ ಇತ್ತು. ತಿಂಗಳಾದ ಮೇಲೆ ಕಾಜ್ ಆ ತುಣುಕು ತಂದು ತೋರಿಸಿ, ಬೇಡವೆಂದರೆ ಸುಟ್ಟುಬಿಡುತ್ತೇನೆ ಎಂದ. ನೋರೀನ್ ಅದನ್ನು ನಾಲ್ಕು ಸಲ ನೋಡಿದಳು.

“ಬಿದ್ದಿದ್ದು ತೆಗಿ. ಓಡಿದ್ದು ಇರ್ಲಿ. ಆ ಹಾಡಲ್ಲಿ ನಿಜ ಅಂತ ಇರೋದು ಅದೊಂದೇ,” ಎಂದಳು.

ವಿಡಿಯೋ ಊರೂರು ಸುತ್ತಿತು. ಮುದುಕ ಎಷ್ಟು ಚೆನ್ನಾಗಿ ನಟಿಸಿದ್ದಾನೆ ಎಂದು ಜನ ಕೊಂಡಾಡಿದರಂತೆ. ಸಮುದ್ರದಾಚೆಯಿಂದ ತಂಡಕ್ಕೆ ಕರೆ ಬಂತು. ಹದಿನಾಲ್ಕು ವರ್ಷ ಹೋಟೆಲಿನ ತಟ್ಟೆ ತೊಳೆದುಕೊಂಡೇ ಬಾರಿಸುತ್ತ ಬಂದವಳು ಅವಳು. ಅಂಥ ಕರೆ ಎರಡನೆಯ ಸಲ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಕಾಜ್ ಕರಿದ ಮೀನು ಕಟ್ಟಿಸಿಕೊಂಡು ಮಲಾಕಿಯ ಮನೆಗೆ ಬಂದ. ನಾನೂ ಇದ್ದೆ.

“ಆರೇ ವಾರ ಕಣೆ. ಹಗಲಿಗೊಬ್ಳು, ರಾತ್ರಿಗೊಬ್ಳು ದಾದೀನ ಇಡ್ತೀವಿ. ನೀನಿಲ್ದೆ ಆ ಮೂರು ಪೆಟ್ಟು ಯಾರೇ ಹೊಡೀಬೇಕು?”

“ಹೋಗ್ಬಾರವ್ವ,” ಎಂದೆ ನಾನು. “ನಾನಿಲ್ವ? ಮಗ್ಗುಲಲ್ಲೇ ಕೂತಿರ್ತೀನಿ.”

ಅಷ್ಟರಲ್ಲಿ ಒಳಕೋಣೆಯಲ್ಲಿ ಮಂಚದ ಕಬ್ಬಿಣದ ಸರಳು ಸದ್ದು ಮಾಡಿತು. ಮಲಾಕಿಯ ಬಲಗೈ ಒಂದು ಉಳಿದಿತ್ತು. ನೀರಿಗೂ ಮೂರು, ಮಗ್ಗುಲು ಹೊರಳಿಸಲೂ ಮೂರು, ಕಿಟಕಿಯ ಆಚೆ ಹಡಗು ಹೋದರೂ ಮೂರು. ನೋರೀನ್ ಕೈಯಲ್ಲಿದ್ದ ತಟ್ಟೆ ಕೈಬಿಟ್ಟು ಓಡಿದಳು. ನಾನು ಬಗ್ಗಿ ಚೂರುಗಳನ್ನು ಆರಿಸಿದೆ. ಅವಳು ಬಂದಾಗ ತೋಳು ಒದ್ದೆಯಾಗಿತ್ತು.

“ಬೇಡ ಕಣೋ ಕಾಜ್,” ಎಂದಳು. “ದಾದಿ ಬಂದ್ರೆ ಏನ್ ಬೇಕು ಅಂತ ಕೇಳ್ತಾಳೆ. ಮಾಮ, ನೀನೂ ಬೇಡ, ನಿನ್ ಮೊಣಕಾಲು ಏಳಲ್ಲ. ನಾನ್ ಹೊಡೆದಾಗ ಅವನು ಏನೂ ಕೇಳ್ದೆ ಬಂದ. ಈಗ ಅವನು ಹೊಡೀತಿದಾನೆ, ನಾನು ಹೋಗ್ತೀನಿ. ಮೀನು ಆರೋಗ್ತದೆ, ತಿಂದು ಹೊರಡಿ ಇಬ್ರೂ.”