ಉಗಿ ಟಾಕಿಯ ತಳ

ಅಕ್ಕ ಕೆಲಸ ಮಾಡುವ ಟವೆಲ್ ಕಾರ್ಖಾನೆಗೆ ತಪಾಸಣೆಗೆ ಹೋಗಬೇಕೆಂದು ಗೊತ್ತಾದಾಗ ನಾನು ಆಫೀಸಿನಲ್ಲಿ ಮೊದಲೇ ಹೇಳಿದೆ, ‘ಸರ್, ಅಲ್ಲಿ ನಮ್ಮ ಅಕ್ಕ ಇದಾಳ್ರಿ.’

ನಮ್ಮ ಸಾಹೇಬರು ಕನ್ನಡಕದ ಮೇಲಿಂದ ನೋಡಿ, ‘ಮಾಲಕರ ಪೈಕಿ ಏನು?’ ಎಂದರು.

‘ಅಲ್ರಿ, ನೂಲು ಸುತ್ತೋ ಖಾತೆದಾಗ.’

‘ಹಂಗಾರ ಹೋಗಿ ಬರ್ರಿ.’

ಸೊಲ್ಲಾಪುರದ ಸುತ್ತಲಿನ ಕಾರ್ಖಾನೆಗಳಲ್ಲಿ ಉಗಿಯನ್ನೋ ಗಾಳಿಯನ್ನೋ ಒತ್ತಿ ತುಂಬಿಡುವ ಕಬ್ಬಿಣದ ಟಾಕಿಗಳಿರುತ್ತವೆ. ಮಾಲಕರು ಗೊತ್ತುಮಾಡುವ ನಮ್ಮ ಖಾಸಗಿ ಆಫೀಸಿನ ಪರವಾಗಿ ಅವನ್ನು ಪರೀಕ್ಷಿಸಿ, ಇದು ನಡೆಯುತ್ತದೆ ಅಥವಾ ನಡೆಯುವುದಿಲ್ಲ ಎಂದು ಹೇಳುವುದು ನನ್ನ ನೌಕರಿ. ನಮ್ಮದು ಚಪಳಗಾಂವ, ಕುರಿ ಸಾಕುವ ಮನೆ. ಅಪ್ಪ ಕುರಿ ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಕೆಲಸ ಸಿಕ್ಕ ಹೊಸತರಲ್ಲಿ ಅವನು ಕೇಳಿದಾಗ, ‘ನೀ ಕುರಿ ನೋಡಿದಂಗ ನಾ ಟಾಕಿ ನೋಡ್ತೀನಿ’ ಎಂದಿದ್ದೆ. ಅವನಿಗೆ ಅಷ್ಟು ಸಾಕಾಗಿತ್ತು. ಅಕ್ಕನನ್ನು ವಳಸಂಗಕ್ಕೆ ಕೊಟ್ಟಿದ್ದೇವೆ. ಅಲ್ಲಿಂದ ದಿನಾ ಬಸ್ಸು ಹಿಡಿದು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಬರುತ್ತಾಳೆ.

ಆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕಲು ಉಗಿ ಬೇಕು. ಬಾಯ್ಲರಿನಿಂದ ಬಂದ ಉಗಿ ಮೊದಲು ಒಂದು ದೊಡ್ಡ ಟಾಕಿಯಲ್ಲಿ ನಿಂತು, ಅಲ್ಲಿಂದ ಬಣ್ಣದ ಮಷಿನ್‌ಗಳಿಗೆ ಹೋಗುತ್ತದೆ. ಶಾಖ ಹೊರಗೆ ಹೋಗದಿರಲೆಂದು ಟಾಕಿಗೆ ಗಾಜಿನ ಹತ್ತಿ ಸುತ್ತಿ ಮೇಲೆ ತಗಡು ಹೊದಿಸಿದ್ದರು. ಹೊಟ್ಟೆಯ ಪಕ್ಕದಲ್ಲಿ ಮಾತ್ರ ತಗಡನ್ನು ಕತ್ತರಿಸಿ ಸಣ್ಣ ಕಿಟಕಿಗಳನ್ನು ಬಿಟ್ಟಿದ್ದರು. ಯಂತ್ರಗಳ ಉಸ್ತುವಾರಿ ನೋಡುವ ಸಾಹೇಬರು ಅವನ್ನೇ ತೋರಿಸಿ, ‘ತಾಈ, ದರವರ್ಷೀ ಇಥೂನಚ ಬಘತಾತ’ ಎಂದರು. ಪ್ರತಿ ವರ್ಷ ಇಲ್ಲಿಂದಲೇ ನೋಡುತ್ತಾರಂತೆ.

ನಾನೂ ಅಲ್ಲಿಂದಲೇ ಶುರು ಮಾಡಿದೆ. ಕಬ್ಬಿಣಕ್ಕೆ ಅಂಟುನೀರಿನಂಥ ಜೆಲ್ ಹಚ್ಚಿ ಮೀಟರಿನ ತುದಿಯ ಗುಂಡಿಯನ್ನು ಅದರ ಮೇಲೆ ಒತ್ತಿ ಹಿಡಿದರೆ ಹಾಳೆಯ ದಪ್ಪ ಎಷ್ಟೆಂದು ಅಂಕಿ ಮೂಡುತ್ತದೆ. ಎಲ್ಲಾ ಸರಿಯಾಗಿತ್ತು. ಆದರೆ ಉಗಿ ತಣಿದು ನೀರಾದರೆ ಆ ನೀರು ನಿಲ್ಲುವುದು ತಳದಲ್ಲಿ. ತಳದ ತಗಡು ಬಿಚ್ಚಿಸಬೇಕೆಂದೆ. ಸಾಹೇಬರು ಬೇಸರದಿಂದಲೇ ಬಿಚ್ಚಿಸಿದರು. ಕೆಳಗೆ ಅಂಗಾತ ಮಲಗಿ ಗುಂಡಿ ಒತ್ತಿದೆ. ಬಂದ ಅಂಕಿ ಪಕ್ಕದ ಅಂಕಿಯ ಅರ್ಧವೂ ಇರಲಿಲ್ಲ. ಮೀಟರೇ ಕೆಟ್ಟಿದೆಯೇನೋ ಎಂದು, ಜೊತೆಗೆ ಒಯ್ಯುವ ಅಳತೆಯ ತುಂಡಿನ ಮೇಲೆ ಇಟ್ಟು ನೋಡಿದೆ. ಮೀಟರು ಸರಿ ಇತ್ತು.

ಉಗಿ ಬಂದ್ ಮಾಡಿಸಿದೆ. ಟಾಕಿ ಆರಿದ ಮೇಲೆ ಬಾಯಿ ತೆರೆಸಿ, ಒಳಗಿನ ಗಾಳಿ ಪರೀಕ್ಷಿಸಿ ಇಳಿದೆ. ನೀರು ಹೊರಗೆ ಹೋಗುವ ತೂತು ತುಕ್ಕಿನ ಹಕ್ಕಳೆಯಿಂದ ಮುಚ್ಚಿಹೋಗಿತ್ತು. ಸುತ್ತಲಿನ ಕಬ್ಬಿಣವೆಲ್ಲ ಸಿಡುಬಿನ ಕಲೆಯಂತೆ ಕುಳಿ ಬಿದ್ದಿತ್ತು.

ಮಾಲಕರು ಬಂದರು. ಹಬ್ಬದ ಮುಂದಿನ ಮಾಲು ಕಳಿಸುವ ಹೊತ್ತು ಅದು. ‘ಮೇಡಂ, ಅಂಕಿ ನೋಡಿ ಹೇಳಬ್ಯಾಡ್ರಿ. ನೀರು ತುಂಬಿ ಒತ್ತಿ ನೋಡ್ರಿ. ತಡದ್ರ ನಡಿಲಿ.’

‘ತಡದರೂ ನಾ ಒಪ್ಪಂಗಿಲ್ರಿ. ಹಾಳಿ ಸವದೈತಿ.’

‘ನನ್ನ ಸಮಾಧಾನಕ್ಕರ ಮಾಡ್ರಿ.’

ಮಾಡಿದೆ. ಟಾಕಿಯ ಗಾಳಿಯೆಲ್ಲ ಹೋಗುವಂತೆ ನೀರು ತುಂಬಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಕೈಪಂಪಿನಿಂದ ನಿಧಾನವಾಗಿ ಒತ್ತಡ ಏರಿಸಿದೆವು. ದಿನಾ ಉಗಿ ನಿಲ್ಲುವ ಒತ್ತಡವನ್ನು ಒತ್ತಡಮಾಪಕದ ಮುಳ್ಳು ಆಗಷ್ಟೇ ದಾಟಿತ್ತು. ತಳದಿಂದ ಕೂದಲೆಳೆಯಂಥ ನೀರು ಚಿಮ್ಮಿ ನೆಲಕ್ಕೆ ಬಡಿಯಿತು. ಮುಳ್ಳು ಕೆಳಗಿಳಿಯಿತು. ಮಾಲಕರು ತಮ್ಮ ಬೂಟಿನವರೆಗೆ ಹರಿದು ಬಂದ ನೀರನ್ನು ನೋಡುತ್ತ ನಿಂತರು.

ತಳ ಬದಲಿಸುವವರೆಗೆ ಬಣ್ಣದ ಕೆಲಸ ನಿಂತಿತು. ಬಣ್ಣ ನಿಂತರೆ ಸುತ್ತಲು ನೂಲಿಲ್ಲ. ಅಕ್ಕನ ಖಾತೆಯ ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು.

ಆ ರವಿವಾರ ಚಪಳಗಾಂವಕ್ಕೆ ಹೋದಾಗ ಅಕ್ಕ ಅವ್ವನ ಜೊತೆ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

‘ಬಂದ್ಲು ನೋಡವ್ವ, ಕಾರ್ಖಾನಿ ಬಂದ್ ಮಾಡಿಸಿದಾಕಿ.’

‘ಅಕ್ಕಾ, ಟಾಕಿ ತೂತು ಬಿದ್ದಿತ್ತು.’

‘ನೀ ಒತ್ತಿದ್ದಕ್ಕ ಬಿತ್ತು. ಮೊದಲ ಎಲ್ಲಿತ್ತು ತೂತು?’

‘ನೀರಿದ್ದಾಗ ಒಡೀತು ಅಂತ ಬರೇ ನೆಲ ತೊಯ್ತು. ನೀರು ಹಿಗ್ಗಂಗಿಲ್ಲ. ಉಗಿ ಇದ್ದಾಗ ಒಡದಿದ್ರ ಗ್ವಾಡಿನೂ ಉಳೀತಿರಲಿಲ್ಲ.’

‘ಇಷ್ಟು ವರ್ಸ ಉಳದೈತಲ್ಲ!’

ಆಗದೇ ಹೋದದ್ದನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಅವ್ವ, ‘ಮೊದಲ ಉಣ್ಣರಿ ಇಬ್ರೂ’ ಎಂದಳು. ಅಕ್ಕ ಉಂಡಳು, ಆದರೆ ನನ್ನ ಕಡೆ ನೋಡಲಿಲ್ಲ. ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಬಸ್ಸಿಗೆ ಹೊರಟುಹೋಗಿದ್ದಳು. ಬಹಳ ಬೇಸರವಾಯಿತು. ಸಿಟ್ಟೂ ಬಂತು.

ಹೊಸ ತಳದ ಬೆಸುಗೆ ನೋಡಲು ಮತ್ತೆ ಹೋದ ದಿನ ಮಷಿನ್ ಒರೆಸಲೆಂದು ಹೆಂಗಸರನ್ನು ಕರೆಸಿದ್ದರು. ಕತ್ತರಿಸಿ ತೆಗೆದ ಹಳೆಯ ತಳವನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ನಾನು ಕರೆಯಲಿಲ್ಲ. ಅಕ್ಕ ತಾನೇ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಕುಳಿಯಲ್ಲಿ ಹೆಬ್ಬೆರಳಿಟ್ಟಳು. ಅಂಚನ್ನು ಉಗುರಿನಿಂದ ಕೆರೆದಾಗ ಕಬ್ಬಿಣ ಪುಡಿಯಾಗಿ ಉದುರಿತು.

‘ಇದಾ?’

‘ಹೂಂ.’

‘ಚಳಿಗಾಲದಾಗ ನಾವು ಟಾಕಿಗೆ ಬೆನ್ನು ಹಚ್ಚಿ ಕುಂತು ಉಣ್ತಿದ್ವಿ. ಬೆಚ್ಚಗಿರ್ತದ ಅಂತ.’

ಇಷ್ಟು ಹೇಳಿ ಎದ್ದು, ಸೆರಗಿಗೆ ಬೆರಳು ಒರೆಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಇನ್ನೂ ಮೂರ್ನಾಲ್ಕು ಹೆಂಗಸರನ್ನು ಕರೆತಂದು ತೋರಿಸಿದಳು. ಅವರಲ್ಲೊಬ್ಬಳು ಮರಾಠಿಯಲ್ಲಿ ಏನೋ ಕೇಳಿದಾಗ, ನೀರಿಗೂ ಉಗಿಗೂ ಇರುವ ಫರಕನ್ನು ಅಕ್ಕನೇ ವಿವರಿಸುತ್ತಿದ್ದಳು. ಅರ್ಧ ತಪ್ಪಾಗಿತ್ತು. ನಾನು ತಿದ್ದಲಿಲ್ಲ.

ಎರಡನೆಯ ಸಲ ನೀರು ತುಂಬಿ ಒತ್ತಿದಾಗ ಮುಳ್ಳು ಏರಿದ ಕಡೆಯೇ ನಿಂತಿತು. ಬೆಸುಗೆಯ ಗುಂಟ ಒಣ ಬಟ್ಟೆ ಆಡಿಸಿದೆ, ಎಲ್ಲೂ ಹಸಿ ಹತ್ತಲಿಲ್ಲ. ಮಾಲಕರು ಚಹಾ ತರಿಸಿದರು. ‘ನನ್ನ ಸೀಸನ್ ಹಾಳು ಮಾಡಿದ್ರಿ ಮೇಡಂ’ ಎಂದರು. ಅದು ಚೇಷ್ಟೆಯೂ ಅಲ್ಲ, ಸಿಟ್ಟೂ ಅಲ್ಲ. ಇದ್ದದ್ದನ್ನು ಹೇಳಿದರು. ನಾನು ಚಹಾ ಕುಡಿದೆ.

ಮರುವರ್ಷ ಅವರು ತಪಾಸಣೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ನಮ್ಮ ಸಾಹೇಬರು, ‘ಹಿಂಗ ಆಗ್ತದ’ ಎಂದು ಮುಂದಿನ ಕೆಲಸದ ಮಾತೆತ್ತಿದರು. ನನಗೆ ಮಾತ್ರ ಒಂದಿಷ್ಟು ದಿನ ಚುಚ್ಚುತ್ತಿತ್ತು. ಆಗಲೇ ಅಕ್ಕ ಫೋನ್ ಮಾಡಿದಳು.

‘ಇವತ್ತು ಯಾರೋ ಹೊಸಬ ಬಂದಿದ್ದ, ಟಾಕಿ ನೋಡಾಕ.’

‘ಹೆಂಗ ನೋಡಿದ?’

‘ತಗಡು ಬಿಚ್ಚಿಸಿ ಕೆಳಗ ಮಕ್ಕೊಂಡಿದ್ದ. ನಾ ಹೋಗಿ ನಿಂತೆ. ಏನು ಬೇಕ್ರಿ ಅಂದ. ಏನಿಲ್ಲ, ನೀವು ನೋಡ್ರಿ ಅಂದೆ.’

ಮುಗಿಯುವವರೆಗೂ ಅಲ್ಲೇ ನಿಂತಿದ್ದಳಂತೆ. ಸೂಪರ್ವೈಸರ್ ಬೈದನಂತೆ. ಅದನ್ನು ಹೇಳಿ ನಕ್ಕು, ರವಿವಾರ ಅವ್ವನ ಕಡೆ ಬರುತ್ತೀಯೇನು ಎಂದು ಕೇಳಿದಳು. ಬರುತ್ತೇನೆಂದೆ.